ಸೀಸೆ ತುಂಬಿದ ಜಾಗ

ಮೊನ್ನೆ ಚಪ್ಪಲಿ ಅಂಗಡಿಯಲ್ಲಿ ಹೊಸ ಮೆಟ್ಟು ಕೈಗೆತ್ತಿಕೊಂಡಾಗ ಸುಣ್ಣ, ತಂಗಡಿ ತೊಗಟೆ ಬೆರೆತ ಹಳೆಯ ವಾಸನೆ ಬಂತು. ಅದರ ಹಿಂದೆಯೇ, ನಮ್ಮ ಓಣಿಯ ಬಟ್ಟೆ ಒಗೆಯುತ್ತಿದ್ದ ಅಗಸಗಿತ್ತಿಯ ಕೈಗಳು ನೆನಪಾದವು...

ಯುದ್ಧದ ವರ್ಷಗಳು. ಹೊನ್ನಾಳಿಯಾಚೆ ಹೊಳೆದಂಡೆಯ ನಮ್ಮೂರಿನಲ್ಲಿ ತೊಗಲು ಹದಮಾಡುವ ಕಾರ್ಖಾನೆಯಿತ್ತು. ಜಗಳೂರು ಕಡೆಯಿಂದ ಗಾಡಿಗಟ್ಟಲೆ ಕುರಿಯ ತೊಗಲು ಬರುತ್ತಿತ್ತು. ಸುಣ್ಣ, ತಂಗಡಿ ತೊಗಟೆ ಹಾಕಿ ತೊಗಲು ನೆನೆಸುವ ಗುಂಡಿಗಳ ನೀರು ನೇರ ಹೊಳೆಗೆ ಸೇರುತ್ತಿತ್ತು. ಅದರ ಕೆಳಗೇ ಒಗೆಯುವ ಕಲ್ಲುಗಳು. ಆಕೆಯ ಬೆರಳ ಸಂದುಗಳು ಬಿರಿದು ರಕ್ತ ಒಸರುತ್ತಿತ್ತು.

ನಿಯಮವಿರಲಿಲ್ಲವೆಂದಲ್ಲ. ಪ್ರತಿವರ್ಷ ಹೊಳೆಯ ನೀರಿನ ಪರೀಕ್ಷೆಯಾಗಬೇಕು. ನೀರು ಕೆಟ್ಟಿದ್ದರೆ ಕಾರ್ಖಾನೆಗೆ ಪರವಾನಗಿ ಇಲ್ಲ, ಗುಂಡಿಗಳನ್ನು ಹೊಳೆಯಿಂದ ದೂರ ಸಾಗಿಸಬೇಕು. ಆಕೆ ಕಾಯುತ್ತಿದ್ದುದು ಅದಕ್ಕೇ. ನೀರನ್ನು ಎಲ್ಲಿಂದ ತುಂಬಬೇಕೆಂದು ಮಾತ್ರ ನಿಯಮ ಹೇಳಿರಲಿಲ್ಲ.

ನಮ್ಮ ಓಣಿಯಲ್ಲೇ ಇದ್ದ ಆರೋಗ್ಯ ಇನ್ಸ್‌ಪೆಕ್ಟರು ನೀರು ತುಂಬಲು ಬಂದ ಬೆಳಗ್ಗೆ ನಾನು ಹೊಳೆಗೆ ಸ್ನಾನಕ್ಕೆ ಹೋಗಿದ್ದೆ. ಅವರು ಲಂಚ ಮುಟ್ಟುವವರಲ್ಲ, ಆದರೆ ಮಡಿವಂತರು. ಕಾರ್ಖಾನೆಗಿಂತ ಮೇಲಿದ್ದ ಗುಡಿಯ ಮೆಟ್ಟಿಲಲ್ಲಿ ಸೀಸೆ ಅದ್ದಲು ಬಗ್ಗಿದರು.

"ಸ್ವಾಮೇರಾ, ಅಲ್ಲಿ ನೀರು ಚೊಲೋನೇ ಐತೆ. ಇಲ್ಲಿ ಬಂದು ತುಂಬ್ಕೊಳ್ರಿ" ಎಂದು ಆಕೆ ಕೆಳಗಿನಿಂದ ಕೂಗಿದಳು.

"ತೊಗಲು ತೊಳೆದ ನೀರು ಮುಟ್ಟಿ ಮನೆಗೆ ಹೆಂಗೆ ಹೋಗ್ಲವ್ವಾ?"

"ನಿಮ್ಮ ಪಂಚೇನೂ ಇದೇ ನೀರಾಗೆ ಒಗ್ದಿದ್ದು. ಉಟ್ಕೊಂಡು ಬಂದೀರಲ್ರೀ!"

ದಂಡೆಯಲ್ಲಿದ್ದವರು ನಕ್ಕರು. ಇನ್ಸ್‌ಪೆಕ್ಟರೂ ನಕ್ಕು, ಅಲ್ಲೇ ಸೀಸೆ ತುಂಬಿಕೊಂಡು ಮೆಟ್ಟಿಲು ಹತ್ತಿದರು.

ಮರುದಿನ ಆಕೆಯೇ ಒಗೆಯುವ ಕಲ್ಲಿನ ಹತ್ತಿರದ ನೀರನ್ನು ಸೀಸೆಯೊಂದರಲ್ಲಿ ತುಂಬಿ ಕಚೇರಿಗೆ ಒಯ್ದಳು. "ಅಲ್ಲೇ ಕಟ್ಟೆ ಮ್ಯಾಲೆ ಇಡು" ಎಂದರು ಕಚೇರಿಯವರು. ಇಟ್ಟು ಬಂದಳು. ಒಳಗೆ ಒಯ್ಯಲು ಯಾರೂ ಅದನ್ನು ಮುಟ್ಟಲಿಲ್ಲ. ದಿನಗಳೆದಂತೆ ಬಿಸಿಲಿಗೆ ನೀರು ಆರಿ, ತಳದಲ್ಲಿ ಸುಣ್ಣದ ಬಿಳಿಯ ಕಲೆ ಉಳಿಯಿತು...

ನೀರು ಶುದ್ಧವೆಂದು ವರದಿ ಬಂತು. ಪರವಾನಗಿ ಮುಂದುವರಿಯಿತು. ಆ ಬೇಸಿಗೆಯಲ್ಲಿ ಆಕೆಯ ಬಲಗೈ ಕೀವುಗಟ್ಟಿ ಮೊಳಕೈವರೆಗೆ ಊದಿತು. ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದರು; ಬದುಕಿ ಬರಲಿಲ್ಲ. ಅದೇ ಕಲ್ಲಿಗೆ ಆಕೆಯ ಸೊಸೆ ಬಂದಳು. ಒಗೆಯಲು ಬಟ್ಟೆ ಹಾಕುವುದನ್ನು ಓಣಿಯಲ್ಲಿ ಯಾರೂ ನಿಲ್ಲಿಸಲಿಲ್ಲ.

ಆ ಕಾರ್ಖಾನೆ ಈಗಿಲ್ಲ. ಆಕೆಯನ್ನು ಕಂಡಿದ್ದವರೂ ಹೆಚ್ಚು ಉಳಿದಿಲ್ಲ.

"ನೀರು ತಾಗಿಸ್ಬ್ಯಾಡ್ರಿ, ಕೆಟ್ಟು ಹೋಗ್ತಾವೆ" ಎಂದ ಅಂಗಡಿಯವನು.

ನಾನು ಮೆಟ್ಟನ್ನು ಕೆಳಗಿಟ್ಟೆ.