ಚಂದ್ರಾಮಪ್ಪನ ಗಂಟು

ಈ ಊರಿಗೆ ಶಿಕ್ಷಕಿಯಾಗಿ ಬಂದ ಮೊದಲ ದಿನವೇ ನಾನು ಕಲಿತ ಮಾತು ‘ಚಂದ್ರಾಮಪ್ಪನ ಗಂಟು’. ಹುಣಸಗಿಯಿಂದ ನನ್ನ ಸಾಮಾನು ಹೊತ್ತು ತಂದ ಟಂಟಂ ಮೇಲಿನ ಹಗ್ಗ ಸಡಿಲಾಗಿ ಹಾಸಿಗೆಯ ಸುರುಳಿ ದಾರಿಗೆ ಬಿತ್ತು. ಚಾಲಕ ಇಳಿದು ತಲೆ ಕೆರೆದುಕೊಂಡು, ‘ಚಂದ್ರಾಮಪ್ಪನ ಗಂಟಾತು ನೋಡ್ರಿ’ ಎಂದ. ಆಮೇಲೆ ಎಲ್ಲಿ ಹೋದರೂ ಅದೇ. ಮಾತು ಕೊಟ್ಟು ತಪ್ಪಿದವನು ಚಂದ್ರಾಮಪ್ಪನ ಗಂಟು, ಮುರಿದು ಬಿದ್ದ ಸಂಬಂಧ ಚಂದ್ರಾಮಪ್ಪನ ಗಂಟು, ಚುನಾವಣೆಗೆ ಮುಂಚೆ ಬಂದ ಭರವಸೆಯಂತೂ ಹೇಳುವುದೇ ಬೇಡ. ನಾನು ಸುರಪುರದವಳು, ನಮ್ಮಲ್ಲಿ ಚುಚ್ಚುಮಾತಿಗೆ ಬರವಿಲ್ಲ. ಆದರೂ ಇದು ನನಗೆ ಬಹಳ ಹಿಡಿಸಿತು. ಚಂದ್ರಾಮಪ್ಪ ಎಂಬ ಮನುಷ್ಯ ನಿಜವಾಗಿ ಇದ್ದ, ಅವನ ಹೆಂಡತಿ ದೇವಕಮ್ಮ ನನ್ನ ಬಾಡಿಗೆ ಮನೆಯ ಹಿಂದಿನ ಓಣಿಯಲ್ಲೇ ಇದ್ದಾಳೆ ಎಂಬುದು ಗೊತ್ತಾದದ್ದು ಬಹಳ ತಡವಾಗಿ.

ನಾನು ಹೇಳಹೊರಟಿರುವುದು ಚಂದ್ರಾಮಪ್ಪನ ತಮ್ಮ ಹುಲಗಪ್ಪನ ವಿಷಯ. ಆತ ಕಾಲುವೆಯಲ್ಲಿ ಲಸ್ಕರ್ ಆಗಿದ್ದ. ಎಂದರೆ ತೂಬಿನ ಗೇಟು ಎತ್ತಿ ಇಳಿಸಿ ಹೊಲಗಳಿಗೆ ನೀರು ಬಿಡುವ ಕೆಲಸ. ಬಹಳ ನಿಯತ್ತಿನ ಮನುಷ್ಯ. ಗೌಡರ ಹೊಲ ಎಂದು ಒಂದು ಗಳಿಗೆ ಹೆಚ್ಚು ಬಿಟ್ಟವನಲ್ಲ, ಕಾಲುವೆಯ ಕೊನೆಯಲ್ಲಿರುವ ಬಡವರ ಹೊಲ ಎಂದು ಒಂದು ಗಳಿಗೆ ಕಡಿಮೆ ಮಾಡಿದವನಲ್ಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಮನೆಗೆ ಜೋಳ ಆತನೇ ಹಾಕುತ್ತಿದ್ದ, ನೀರು ಆತನೇ ತರುತ್ತಿದ್ದ, ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಆತನೇ ಎಳೆಯುತ್ತಿದ್ದ. ‘ತಮ್ಮ ಅಂದ್ರ ಹಿಂಗಿರಬೇಕು’ ಎಂದು ಊರು ಹೊಗಳುತ್ತಿತ್ತು. ಹೊಗಳಿದಾಗ ಆತ ಟವೆಲ್ ಕೊಡವಿ ಎದ್ದು ಹೋಗಿಬಿಡುತ್ತಿದ್ದ. ಇದೆಂಥ ಗರ್ವವಪ್ಪಾ ಎಂದು ನಾನು ಅಂದುಕೊಂಡಿದ್ದೆ.

ಅದು ಗರ್ವವಲ್ಲ. ಈಗ ಊರಿಗೆಲ್ಲ ಗೊತ್ತಿದೆ, ಆತನೇ ಹೇಳಿದ್ದಾನೆ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಈಗ ನಾರಾಯಣಪುರ ಡ್ಯಾಮಿನ ಹಿನ್ನೀರು ನಿಂತಿರುವ ಜಾಗದಲ್ಲಿ ಹಳೆಯ ಊರು ಇತ್ತು. ಅಣ್ಣ ತಮ್ಮ ಇಬ್ಬರೂ ಅಲ್ಲಿಯ ಅಂಬಿಗರು. ಚಂದ್ರಾಮಪ್ಪ ಸಾಗುವಾನಿ ಹಲಗೆ ತಂದು ತಾನೇ ಮುಂದೆ ನಿಂತು ಕಟ್ಟಿಸಿದ ದೋಣಿಯಲ್ಲಿ ಆಚೆ ದಂಡೆಗೆ ಬಂಡಿ, ಎತ್ತು, ಮದುವೆ ದಿಬ್ಬಣ ಎಲ್ಲ ಸಾಗುತ್ತಿದ್ದವು. ಬೇಸಿಗೆಯಲ್ಲಿ ಹೊಳೆ ಇಳಿದು, ಜನ ಕಾಲಿನಲ್ಲೇ ದಾಟುವಾಗ ದೋಣಿಗೆ ಕೆಲಸವಿಲ್ಲ. ನಮ್ಮ ಬಿಸಿಲಿಗೆ ದಂಡೆಯ ಮೇಲೆ ಬಿಟ್ಟರೆ ಹಲಗೆ ಒಣಗಿ ಸಂದು ಬಿಡುತ್ತದೆ. ಅದಕ್ಕೆ ಅಂಬಿಗರು ಒಂದು ಕೆಲಸ ಮಾಡುತ್ತಾರೆ: ಆಳವಾದ ಮಡುವಿಗೆ ದೋಣಿಯನ್ನು ಒಯ್ದು, ಕಲ್ಲು ತುಂಬಿ, ತಾವೇ ಮುಳುಗಿಸುತ್ತಾರೆ. ಮುಂಗಾರಿನ ಮಿರಗ ಮಳೆಗೆ ಮುಂಚೆ ನೀರಿಗೆ ಇಳಿದು ಕಲ್ಲು ತೆಗೆದರೆ ದೋಣಿ ಹೊಸದರಂತೆ ಮೇಲೆ ಬರುತ್ತದೆ. ಕಲ್ಲಿನ ಕೆಲಸ ಹುಲಗಪ್ಪನದು. ದೋಣಿಯ ಮೂತಿಯಲ್ಲಿದ್ದ ಕಬ್ಬಿಣದ ಬಳೆಯಿಂದ ದಂಡೆಯ ಜಾಲಿಮರಕ್ಕೆ ಪುಂಡಿನಾರಿನ ಹಗ್ಗ ಕಟ್ಟುವ ಕೆಲಸ ಚಂದ್ರಾಮಪ್ಪನದು. ಅವನು ಹಾಕಿದ ಗಂಟು ಮಹಾಪೂರಕ್ಕೂ ಬಿಚ್ಚುವುದಿಲ್ಲವೆಂದು ಹೆಸರಿತ್ತು. ಊರಿನ ತೊಟ್ಟಿಲುಗಳನ್ನೆಲ್ಲ ಅವನನ್ನೇ ಕರೆದು ಕಟ್ಟಿಸುತ್ತಿದ್ದರು.

ಡ್ಯಾಮಿನ ಗೇಟು ಮೊದಲ ಸಲ ಇಳಿಸಿದ ವರ್ಷ ಊರವರು ಬಾಗಿಲು, ತೊಲೆ ಕಿತ್ತುಕೊಂಡು ಈ ಹೊಸ ಊರಿಗೆ ಬಂದರು. ದೋಣಿ ಮಾತ್ರ ಮಡುವಿನಲ್ಲಿತ್ತು. ದೇವಕಮ್ಮ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಆಕೆಯನ್ನೂ ಕೂಸನ್ನೂ ಕರೆತರಲು ಹೊರಟ ಚಂದ್ರಾಮಪ್ಪ, ‘ಹುಲಗಾ, ಗೇಟು ಹಾಕತಾರಂತ. ಇವತ್ತ ಹೋಗಿ ಕಲ್ಲು ತಗದು ದೋಣಿ ಎಬ್ಬಿಸು. ಹಿನ್ನೀರು ನಿಂತ ಮ್ಯಾಲ ನಮಗ ಹೊಟ್ಟಿಗಿ ಅದ ದಿಕ್ಕು’ ಎಂದು ಹೇಳಿ ಹೋದ. ಹುಲಗಪ್ಪ ಹೂಂ ಎಂದ. ಆದರೆ ಅಂದೇ ನಾರಾಯಣಪುರದ ಕ್ಯಾಂಪಿನಲ್ಲಿ ಲಸ್ಕರ್ ಕೆಲಸಕ್ಕೆ ಆಳು ಹಿಡಿಯುತ್ತಿದ್ದಾರೆಂದು ಯಾರೋ ಹೇಳಿದರು. ನಾಳೆ ಎಬ್ಬಿಸಿದರಾಯಿತು ಎಂದು ಅತ್ತ ಹೋದ. ಕೆಲಸ ಸಿಕ್ಕ ಖುಷಿಗೆ ಅಲ್ಲೇ ಉಳಿದ. ತಿರುಗಿ ಬರುವಷ್ಟರಲ್ಲಿ ಜಾಲಿಮರದ ತುದಿಯೂ ಕಾಣುತ್ತಿರಲಿಲ್ಲ.

ಅಣ್ಣ ಬಂದು ಕೇಳಿದ. ಅಣ್ಣನೇ ಅಪ್ಪನಾಗಿ ಸಾಕಿದ್ದ, ಅವನೆಂದರೆ ಹುಲಗಪ್ಪನಿಗೆ ಅಂಜಿಕೆ. ಬಾಯಿಗೆ ಬಂದದ್ದು ಆಡಿಬಿಟ್ಟ: ‘ಕಲ್ಲು ಎಲ್ಲಾ ತಗದಿದ್ದೆ ಅಣ್ಣಾ. ದೋಣಿ ತೇಲಿತ್ತು. ಬಳೀಗಿ ಕಟ್ಟಿದ್ದ ನಿನ್ನ ಗಂಟು ಬಿಚ್ಚಿ ಹರಕೊಂಡು ಹೋತು.’

ಚಂದ್ರಾಮಪ್ಪ ನಂಬಿದ. ತಮ್ಮನ ಮಾತು, ನಂಬದೆ ಏನು ಮಾಡಿಯಾನು? ಏರುತ್ತಿದ್ದ ನೀರಿನ ಅಂಚು ಹಿಡಿದು ದಿನಗಟ್ಟಲೆ ದೋಣಿ ಹುಡುಕಿದ. ಸಿಗದಿದ್ದಾಗ ಕಲ್ಲುಗಣಿಯ ಕೂಲಿಗೆ ಹೋದ. ಸಾಯುವವರೆಗೂ ಅವನು ಮತ್ತೊಂದು ಗಂಟು ಹಾಕಲಿಲ್ಲ. ಸ್ವಂತ ಮಗಳ ತೊಟ್ಟಿಲನ್ನೂ ಹೆಂಡತಿಯಿಂದ ಕಟ್ಟಿಸಿದ. ಊರಿನ ಬಾಯಿಗೆ ಮುಚ್ಚಳವೆಲ್ಲಿದೆ? ಮೊದಲು ಚೇಷ್ಟೆಗೆ ಅಂದರು, ಆಮೇಲೆ ಅದು ಗಾದೆಯಾಯಿತು. ಅವನು ಸತ್ತ ದಿನ ಚಟ್ಟ ಕಟ್ಟುವವರಲ್ಲಿ ಒಬ್ಬ ಕೂಡ, ‘ಬಿಗಿ ಹಾಕ್ರೋ, ಚಂದ್ರಾಮಪ್ಪನ ಗಂಟು ಆದೀತು’ ಎಂದು ಬಾಯಿತಪ್ಪಿ ಅಂದನಂತೆ. ಹುಲಗಪ್ಪ ಅಲ್ಲೇ ನಿಂತಿದ್ದ. ಆಗಲೂ ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಆತನ ಮೇಲೆ ಸಿಟ್ಟು ಬರುತ್ತದೆ.

ಇದೆಲ್ಲ ನನಗೆ ಗೊತ್ತಿಲ್ಲದ ಕಾಲದಲ್ಲಿ ಆತ ಸಂಜೆ ಹೊತ್ತು ಶಾಲೆಯ ಕಟ್ಟೆಗೆ ಬಂದು ನನ್ನಿಂದ ಪೇಪರು ಓದಿಸಿಕೊಳ್ಳುತ್ತಿದ್ದ. ಒಂದು ಸಂಜೆ ದಕ್ಷಿಣ ಧ್ರುವದ ಹತ್ತಿರ, ಹಿಮಗಡ್ಡೆಗಳ ಸಮುದ್ರದ ತಳದಲ್ಲಿ ಸಿಕ್ಕ ಹಡಗಿನ ಸುದ್ದಿ ಓದಿದೆ. ಮುಳುಗಿ ನೂರು ವರ್ಷ ದಾಟಿದ ಕಟ್ಟಿಗೆಯ ಹಡಗು. ಮೊಬೈಲಿನಲ್ಲಿ ಅದರ ವಿಡಿಯೋ ಇತ್ತು, ತೋರಿಸಿದೆ. ಕತ್ತಲ ನೀರಿನಲ್ಲಿ ದೀಪ ಬಿದ್ದಂತೆ ಹಡಗಿನ ಹಿಂಭಾಗ ಕಂಡಿತು. ಅದರ ಮೇಲೆ ಹೆಸರಿನ ಅಕ್ಷರಗಳು ಓದಲು ಬರುವಷ್ಟು ಸ್ಪಷ್ಟ, ಚುಕ್ಕಾಣಿಯ ಚಕ್ರ ನಿಂತಲ್ಲೇ ನಿಂತಿತ್ತು.

‘ಕಟಗಿ ಕೊಳತಿಲ್ಲೇನ್ರಿ ಅಕ್ಕೋರ?’ ಎಂದ ಹುಲಗಪ್ಪ.

‘ಇಲ್ಲ ಕಾಕಾ. ಅಲ್ಲಿ ನೀರು ಬರ್ಫದಷ್ಟ ತಣ್ಣಗ. ಹಡಗಿನ ಕಟಗಿ ತಿನ್ನೋ ಹುಳ ಆ ನೀರಾಗ ಬಾಳಂಗಿಲ್ಲ.’

‘ಬಿಟ್ಟು ಹೋದವರು ಯಾರ್ರಿ?’

‘ಅದರಾಗ ಇದ್ದವರು. ಬರ್ಫ ಒತ್ತಿ ಹಡಗು ಒಡದಿತ್ತು. ಬಿಡದ ಗತಿ ಇರಲಿಲ್ಲ.’

‘ಹಂಗಾದ್ರ ಅವರ ತಪ್ಪಿಲ್ಲ’ ಎಂದ ಆತ. ಆಮೇಲೆ, ‘ನಮ್ಮ ಹೊಳಿ ನೀರು ಬೆಚ್ಚಗಿರ್ತದ. ಇಲ್ಲಿ ಹುಳ ತಿಂದು ಹಾಕಿರ್ತಾವ, ಹೌದಿಲ್ಲೋ?’ ಎಂದು ಕೇಳಿದ.

ನಾನು ಮಾಸ್ತರಿಕೆಯ ಹುಮ್ಮಸ್ಸಿನಲ್ಲಿದ್ದೆ. ‘ಆ ಹುಳ ಉಪ್ಪು ಸಮುದ್ರದ್ದು ಕಾಕಾ, ಸಿಹಿ ನೀರಾಗ ಇರಂಗಿಲ್ಲ. ಕೆಸರಾಗ ಹುಗದಿದ್ರಂತೂ ಗಾಳಿನೇ ತಾಕಂಗಿಲ್ಲ. ಸಾಗುವಾನಿ ಆದ್ರ ಹಂಗ ಇರ್ತದ’ ಎಂದೆ.

‘ಹಗ್ಗ?’

‘ಹಗ್ಗಾನೂ ಉಳದೀತು.’

ಆತ ಎದ್ದು ಹೋದ. ಚಪ್ಪಲಿ ಕಟ್ಟೆಯ ಕೆಳಗೇ ಉಳಿದಿದ್ದವು. ಅದಾದ ಮೇಲೆ ವಾರಕ್ಕೊಮ್ಮೆಯಾದರೂ, ‘ಆ ಹಡಗು ಒಮ್ಮಿ ತೋರಸ್ರಿ’ ಎಂದು ಬರುತ್ತಿದ್ದ. ಎಲ್ಲರೂ ಹೆಸರಿನ ಅಕ್ಷರ ನೋಡಿದರೆ ಆತ ಹಡಗಿನ ಒಳಗೆ ಏನಿದೆ ಎಂದು ಇಣುಕುತ್ತಿದ್ದ. ‘ಒಳಗಿದ್ದ ಸಾಮಾನೂ ಹಂಗ ಇರ್ತಾವೇನ್ರಿ?’ ಎಂದು ಕೇಳಿದರೆ, ‘ಇದ್ದದ್ದು ಇದ್ದಲ್ಲೇ ಕಾಕಾ’ ಎಂದು ನಗುತ್ತಿದ್ದೆ. ಮುದುಕನಿಗೆ ಹಡಗಿನ ಹುಚ್ಚು ಹಿಡಿದಿದೆ ಎಂದು ನನ್ನ ಲೆಕ್ಕ.

ಮರುವರ್ಷ ಮಳೆ ತಡವಾಯಿತು. ಹಿನ್ನೀರು ಯಾರೂ ಕಂಡಿರದಷ್ಟು ಹಿಂದೆ ಸರಿಯಿತು. ಎಂದೂ ಬತ್ತದ ಮಡುವಿನಲ್ಲೂ ಮೊಣಕಾಲುದ್ದ ನೀರು. ಅಲ್ಲಿ ಬಲೆ ಬೀಸಿದ ಮಾನಪ್ಪ ಹೋಟೆಲಿಗೆ ಓಡಿಬಂದು, ಕೆಸರಿನಲ್ಲಿ ದೋಣಿಯ ಹಿಂಬದಿ ಕಾಣುತ್ತಿದೆ ಎಂದ. ನಾಳೆ ಟ್ರ್ಯಾಕ್ಟರ್ ಒಯ್ದು ಎಳೆಯೋಣ ಎಂದು ಹುಡುಗರು ಮಾತಾಡಿಕೊಂಡರು. ದೇವಕಮ್ಮನಿಗೂ ಸುದ್ದಿ ಮುಟ್ಟಿತು. ‘ನಮ್ಮವರ ದೋಣಿನ ಇರಬೇಕವ್ವ. ಹರಕೊಂಡು ಹೋಗಿ ಇಲ್ಲೇ ಮುಳಗ್ಯದ. ಅವರಿದ್ದಾಗ ಸಿಗಲಿಲ್ಲ ನೋಡು’ ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡಳು.

ಮಟಮಟ ಮಧ್ಯಾಹ್ನ, ನಾಯಿಯೂ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ ಹುಲಗಪ್ಪ ಒಬ್ಬನೇ ಮಡುವಿಗೆ ಹೋದ. ಬಿರುಕು ಬಿಟ್ಟ ನೆಲ ದಾಟಿ ಕೆಸರಿಗಿಳಿದ. ದೋಣಿ ಆತ ಬಿಟ್ಟಂತೆಯೇ ಇತ್ತು. ಒಳಗೆ ಆತನ ಕೈಯಾರೆ ಜೋಡಿಸಿದ ಕಲ್ಲುಗಳು, ದೊಡ್ಡವು ಕೆಳಗೆ, ಸಣ್ಣವು ಮೇಲೆ. ಬೆಳಗಾದರೆ ಊರು ಬರುತ್ತದೆ. ಕಲ್ಲು ತುಂಬಿದ ದೋಣಿ ತೇಲಿ ಹೋಗುವುದಿಲ್ಲ ಎಂಬುದನ್ನು ಅಂಬಿಗರ ಓಣಿಯಲ್ಲಿ ಹೇಳಿಕೊಡಬೇಕಾಗಿಲ್ಲ. ಆತ ಕಲ್ಲು ತೆಗೆದು ಹೊರಗೆ ಹಾಕತೊಡಗಿದ. ಅಂದು ಹೇಳಿದ ಸುಳ್ಳು ಇಂದಾದರೂ ನಿಜದಂತೆ ಕಾಣಲಿ ಎಂದು ಎಪ್ಪತ್ತರ ಹತ್ತಿರದ ಮುದುಕ ಬಿಸಿಲಲ್ಲಿ ಕಲ್ಲು ಹೊತ್ತ. ಅರ್ಧ ಖಾಲಿಯಾಯಿತು. ಮೂತಿ ಕೆಸರಿನಲ್ಲಿ ಹೂತಿತ್ತು. ಅಲ್ಲಿ ಕೈ ಹಾಕಿ ಬಗೆದಾಗ ಬಳೆ ಸಿಕ್ಕಿತು, ಬಳೆಯಲ್ಲಿ ಗಂಟು ಸಿಕ್ಕಿತು. ಹಗ್ಗದ ಉಳಿದದ್ದೆಲ್ಲ ಎಂದೋ ಹೋಗಿತ್ತು. ಕರಿ ಕೆಸರು ಮೆತ್ತಿಕೊಂಡು ಗಂಟು ಮಾತ್ರ ಕಟ್ಟಿದಂತೆಯೇ ಕುಳಿತಿತ್ತು.

ಅದನ್ನೂ ಬಿಚ್ಚಿಬಿಡಬೇಕೆಂದು ನೋಡಿದ. ಉಗುರಿನಿಂದ ಕೆದಕಿದ, ಹಲ್ಲು ಹಚ್ಚಿದ. ಅದು ಬಿಚ್ಚಲಿಲ್ಲ. ‘ಕೊಡಲಿ ತಂದು ಕಡೀಬಹುದಾಗಿತ್ತು ಅಕ್ಕೋರ. ಆದ್ರ ಅಣ್ಣನ ಕೈ ಹಿಡದಂಗ ಆತು. ಅಳು ಬಂತು’ ಎಂದು ಆಮೇಲೆ ನನಗೆ ಹೇಳಿದ. ಎಷ್ಟು ಹೊತ್ತು ಅತ್ತನೋ ಆತನಿಗೇ ಗೊತ್ತಿಲ್ಲ. ಕೆಸರು ಮೈಯಲ್ಲೇ ಊರಿಗೆ ಬಂದು ಅತ್ತಿಗೆಯ ಬಾಗಿಲಲ್ಲಿ ನಿಂತ. ‘ವೈನಿ, ನಾಳೆತನ ಬ್ಯಾಡ. ಈಗ ಬರ್ರಿ’ ಎಂದ.

ಆಕೆಗೆ ಮೊಣಕಾಲು ನೋವು. ದಾರಿಯಲ್ಲಿ ನನ್ನನ್ನು ಕರೆದು ಭುಜ ಹಿಡಿದುಕೊಂಡಳು, ಹಾಗಾಗಿ ನಾನೂ ಹೋದೆ. ದೇವಕಮ್ಮ ಕೆಸರಿನ ಅಂಚಿನಲ್ಲಿ ನಿಂತು ದೋಣಿಯನ್ನು ನೋಡಿದಳು. ಆಮೇಲೆ ಹೊರಗೆ ಬಿದ್ದಿದ್ದ ಕಲ್ಲಿನ ರಾಶಿ ನೋಡಿದಳು.

‘ಇವು ಯಾರು ತಗದ್ರು?’

‘ನಾನ. ಈಗ.’

‘ಒಳಗ ಉಳದಾವಲ್ಲ, ಅವು?’

‘ಎಲ್ಲಾ ಅವತ್ತ ತಗೀಬೇಕಾಗಿತ್ತು ವೈನಿ.’

ಅಂಬಿಗರ ಮನೆ ಹೆಣ್ಣುಮಗಳು, ಇನ್ನೊಂದು ಮಾತು ಬೇಕಾಗಲಿಲ್ಲ. ನನಗೇ ಅರ್ಥವಾಗಲು ಹೊತ್ತು ಹಿಡಿಯಿತು. ಆಕೆ ಕೆಸರಿಗಿಳಿದು ಬಗ್ಗಿ ಗಂಟಿನ ಮೇಲೆ ಕೈಯಿಟ್ಟಳು, ಎರಡು ಸಲ ಜಗ್ಗಿ ನೋಡಿದಳು. ‘ನನ್ನ ಗಂಟು ನಂಬಬ್ಯಾಡ, ಕೂಸು ಬಿದ್ದೀತು ಅಂದಿದ್ರು. ತೊಟ್ಟಲದ ಹಗ್ಗ ನನ್ನ ಕೈಯಾಗ ಕೊಟ್ಟು ಆ ಕಡಿ ಮಾರಿ ತಿರುವಿ ನಿಂತಿದ್ರು’ ಎಂದಳು. ಹುಲಗಪ್ಪ ಕಾಲಿಗೆ ಬಿದ್ದ. ಆಕೆ ಕಾಲು ಹಿಂದೆ ತೆಗೆದುಕೊಂಡಳು.

‘ನನ್ನ ಕಾಲಾಗ ಏನದ? ಆ ಮಾತು ಊರಿನ ಬಾಯಾಗ ಅದ. ಎಲ್ಲಿ ಕಿವಿಗಿ ಬೀಳ್ತದೋ ಅಲ್ಲಿ ನಿಂತು ಹೇಳು. ಯಾರರ ಅನ್ನಲಿ, ಎಷ್ಟ ಸಲರ ಅನ್ನಲಿ. ನಾ ಇದ್ರೂ ಹೇಳು, ಸತ್ರೂ ಹೇಳು.’

ಟ್ರ್ಯಾಕ್ಟರ್ ಬೇಡ ಎಂದು ಆಕೆಯೇ ಹೇಳಿದಳು. ಊರೆಲ್ಲ ಹೋಗಿ ನೋಡಿ ಬಂದ ಮೇಲೆ, ಮಳೆ ಬಿದ್ದು ನೀರು ದೋಣಿಯನ್ನು ಮತ್ತೆ ಮುಚ್ಚಿತು.

ಅಂದಿನಿಂದ ಹುಲಗಪ್ಪ ಹೇಳುತ್ತಲೇ ಇದ್ದಾನೆ. ಹೋಟೆಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಗಿರಣಿಯಲ್ಲಿ. ಆ ಮಾತು ಕಿವಿಗೆ ಬಿದ್ದರೆ ಸಾಕು, ನಿಂತು, ‘ಗಂಟು ಬಿಚ್ಚಿದ್ದಿಲ್ಲರೆಪ್ಪ. ನಾ ಕಲ್ಲು ತಗದಿದ್ದಿಲ್ಲ’ ಎನ್ನುತ್ತಾನೆ. ನಾಲ್ಕು ದಶಕ ನಾಲಿಗೆಯ ಮೇಲಿದ್ದ ಮಾತು, ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಜನ ರೂಢಿಯಿಂದ ಅನ್ನುತ್ತಾರೆ. ಕೆಲವು ಪೋರರು ಆತನನ್ನು ನಿಲ್ಲಿಸಿ ಹೇಳಿಸುವುದಕ್ಕೇ ಅನ್ನುತ್ತಾರೆ. ನಾನು ಬೈಯಲು ಹೋದರೆ, ‘ಬೈಬ್ಯಾಡ್ರಿ ಅಕ್ಕೋರ, ಹೇಳೂದು ನನ್ನ ಕೆಲಸ’ ಎನ್ನುತ್ತಾನೆ. ದೇವಕಮ್ಮನ ಬಾಗಿಲಿಗೆ ಈಗಲೂ ನೀರು ತಂದಿಡುತ್ತಾನೆ. ಆಕೆ ಕೊಡ ಒಳಗೆ ಒಯ್ಯುತ್ತಾಳೆ, ಮಾತಾಡುವುದಿಲ್ಲ.

ಹೋದ ವಾರ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯ ಪಾಟಿಚೀಲದ ದಾರ ಬಿಚ್ಚಿ ಪುಸ್ತಕಗಳೆಲ್ಲ ಚೆಲ್ಲಿದವು. ‘ಚಂದ್ರಾಮಪ್ಪನ ಗಂಟು’ ಎಂದಳು, ಪಾಪ, ಏನೂ ಮನಸ್ಸಿನಲ್ಲಿಲ್ಲದೆ. ಹೊರಗೆ ದಾರಿಯಲ್ಲಿ ಹೋಗುತ್ತಿದ್ದ ಕೋಲಿನ ಸದ್ದು ನಿಂತಿತು. ಹುಲಗಪ್ಪ ಕಿಟಕಿಗೆ ಬಂದು ಸರಳು ಹಿಡಿದು, ಎಂದಿನಂತೆ ಎಲ್ಲ ಹೇಳಿದ. ಹುಡುಗಿ ಪುಸ್ತಕ ಎದೆಗೊತ್ತಿಕೊಂಡು ಕೇಳಿದಳು, ಆಮೇಲೆ, ‘ಮತ್ತ ಹಿಂಗ ಬಿಚ್ಚಿದ್ದಕ್ಕ ಏನನ್ನಬೇಕು ತಾತಾ?’ ಎಂದಳು.

ಆತ ಸರಳು ಬಿಟ್ಟು ಕೋಲು ಕೈಗೆತ್ತಿಕೊಂಡ.

‘ಹುಲಗಪ್ಪನ ಮಾತು ಅನ್ರಿ’ ಎಂದು ಹೇಳಿ, ಕೋಲೂರಿಕೊಂಡು ಹೋದ.