ಮ್ಯಾಂಡರಿನ್ ಶಾಲೆಯ ಖಾಲಿ ಸೀಟುಗಳು

ಶಾಲೆಯ ಗೇಟಿನಲ್ಲಿ ಬಂಗಾರದ ಕೂದಲಿನ ಪುಟ್ಟ ಹುಡುಗನೊಬ್ಬ ನನ್ನನ್ನು ತಡೆದು ಚೀನೀ ಭಾಷೆಯಲ್ಲಿ ಗದರಿದ. ನಾನು ಕಕ್ಕಾಬಿಕ್ಕಿ. ಹಿಂದಿನಿಂದ ಬಂದ ಲಿನ್ ಲಾವ್‌ಶಿ ನಕ್ಕರು. "ಸಾಲಲ್ಲಿ ಬಾ ಅಂತಿದಾನೆ. ಇವನ ಮನೇಲಿ ಯಾರಿಗೂ ಮ್ಯಾಂಡರಿನ್ ಬರಲ್ಲ." ಲಾವ್‌ಶಿ ಎಂದರೆ ಟೀಚರು, ನಮ್ಮ 'ಮೇಷ್ಟ್ರು' ಇದ್ದ ಹಾಗೆ ಹೆಸರಿಗೆ ಅಂಟಿಕೊಳ್ಳುತ್ತದೆ.

ಇದು ಬೇ ಏರಿಯಾದ ಒಂದು ಸರ್ಕಾರಿ ಶಾಲೆ. ಲೆಕ್ಕವನ್ನೂ ಮ್ಯಾಂಡರಿನ್‌ನಲ್ಲೇ ಕಲಿಸುತ್ತಾರೆ. ಕಿಂಡರ್‌ಗಾರ್ಟನ್ನಿನ ಅರ್ಧ ಸೀಟು ಮನೆಯಲ್ಲಿ ಆ ಭಾಷೆ ಆಡುವ ಮಕ್ಕಳಿಗೆ ಮೀಸಲು, ಅವರ ಬಾಯಿಂದ ಕೇಳಿ ಉಳಿದವರು ಕಲಿಯಲಿ ಎಂದು. ಉಳಿದವರ ಅರ್ಧಕ್ಕೆ ದೊಡ್ಡ ಕ್ಯೂ. ಮೀಸಲು ಸೀಟು ಖಾಲಿ. ಚೀನೀ ಮನೆಗಳಿಗೆ ಹೋಗಿ, ಒಪ್ಪಿಸಿ ಕರೆತರುವುದು ನನ್ನ ನೌಕರಿ. ಆ ಭಾಷೆಯ ಗಂಧಗಾಳಿಯಿಲ್ಲದ ಮೈಸೂರಿನವಳನ್ನು ಯಾಕೆ ಆರಿಸಿದರೆಂದರೆ, ಇಂಟರ್‌ವ್ಯೂನಲ್ಲಿ ನಾನು ಚರ್ಚಾಸ್ಪರ್ಧೆಯ ಕಪ್ಪುಗಳ ಬಗ್ಗೆ ಬಾಯಿಬಿಟ್ಟಿದ್ದೆ. "ಯಾವ ಪಕ್ಷ ಕೊಟ್ಟರೂ ವಾದ ಮಾಡ್ತೀಯ ತಾನೆ?" ಎಂದರು ಪ್ರಿನ್ಸಿಪಾಲರು. ಮಾಡುತ್ತೇನೆ. ಆಡಿದ್ದನ್ನು ನಂಬಬೇಕು ಎಂಬ ನಿಯಮ ಯಾವ ಸ್ಪರ್ಧೆಯಲ್ಲೂ ಇರಲಿಲ್ಲ.

ಸೀಟು ತುಂಬದಿದ್ದರೆ ಹೊಸ ತರಗತಿ ತೆರೆಯುವುದಿಲ್ಲ. ಕೊನೆಗೆ ಸೇರಿದ ಲಿನ್ ಲಾವ್‌ಶಿಯ ಕೆಲಸವೂ ಉಳಿಯುವುದಿಲ್ಲ. ಬಾಡಿಗೆ ಕಡಿಮೆಯೆಂದು ಅವರು ಗಿಲ್‌ರಾಯ್‌ನಲ್ಲಿದ್ದಾರೆ. ಬೆಳ್ಳುಳ್ಳಿ ಹೊಲಗಳ ನಡುವಿನಿಂದ, ಇನ್ನೂ ಬೆಳಕು ಹರಿಯುವ ಮೊದಲೇ ಫ್ರೀವೇ ಹಿಡಿಯುತ್ತಾರೆ.

ನಮ್ಮಲ್ಲಿ ಕನ್ನಡ ಶಾಲೆ ಮುಚ್ಚಿದಾಗ ಭಾಷಣ ಮಾಡುವವರ ಮಕ್ಕಳು ಕಾನ್ವೆಂಟಿನಲ್ಲಿರುತ್ತಿದ್ದರು. ಇಲ್ಲಿಯೂ ಅದೇ ನಾಟಕ, ವೇಷ ಬೇರೆ: ಭಾಷೆ ಇರುವವರು ಓಡುತ್ತಾರೆ, ಇಲ್ಲದವರು ಕ್ಯೂ ನಿಲ್ಲುತ್ತಾರೆ. ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿನಲ್ಲಿ ನನ್ನನ್ನು ಇರಿಸಿಕೊಂಡಿರುವ ನನ್ನ ಅಕ್ಕ, ಆಪಾ, ಮಗಳಿಗಾಗಿ ಆ ಕ್ಯೂನಲ್ಲಿದ್ದಾಳೆ. ಹೊಸ ತರಗತಿ ತೆರೆದರೆ ಮಾತ್ರ ಅವಳಿಗೆ ಜಾಗ.

"ನಿನ್ನ ಮಗಳಿಗೆ ಕನ್ನಡಾನೂ ಬರಲ್ಲ, ನಮ್ ಮನೆ ಮಾತೂ ಬರಲ್ಲ. ಚೀನೀ ಯಾಕೆ ಆಪಾ?"

"ಫ್ಯೂಚರು ಕಣೇ. ಡಿಬೇಟು ಆಮೇಲೆ ಮಾಡು, ಮೊದ್ಲು ಆ ಸೀಟು ತುಂಬ್ಸು."

ಮಗಳು ಟ್ಯಾಬಿನಿಂದ ತಲೆ ಎತ್ತದೆಯೇ "ಸ್ಟಾಪ್ ಫೈಟಿಂಗ್" ಎಂದಳು.

ಕೊನೆಗೆ ಒಂದೇ ಒಂದು ಮಗು ಕಡಿಮೆ ಬಿತ್ತು. ಲಿನ್ ಲಾವ್‌ಶಿಯನ್ನು ದುಭಾಷಿಯಾಗಿ ಕರೆದುಕೊಂಡು ಕ್ಯಾಂಪ್‌ಬೆಲ್‌ನ ವು ಆಯಿಯ ಮನೆಗೆ ಹೋದೆ. ಆಯಿ ಎಂದರೆ ಚಿಕ್ಕಮ್ಮ. ಪರಿಚಯವಿಲ್ಲದ ಹೆಂಗಸರನ್ನೂ ಹಾಗೆ ಕರೆಯಬಹುದು. ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಅವರದು. ಚಪ್ಪಲಿ ಹೊರಗೆ ಬಿಡಿಸಿದರು, ಕುಡಿಯಲು ಬಿಸಿನೀರು ಕೊಟ್ಟರು, ಕಿತ್ತಳೆ ಸುಲಿದಿಟ್ಟರು. ಒಂದು ತೊಳೆ ತಿಂದೆ. ಆಮೇಲೆ ವಾದ ಶುರುಮಾಡಿದೆ. ಇಂಗ್ಲಿಷ್ ಶಾಲೆಗೆ ಹಾಕಿದರೆ ನಿಮ್ಮ ಮಗ ನಾಳೆ ಅಜ್ಜಿಯ ಜೊತೆ ಹೇಗೆ ಮಾತಾಡುತ್ತಾನೆ?

"ಚೀನೀ ಕಲಿಸೋಕೆ ನಾನಿದೀನಿ," ಎಂದರು ವು ಆಯಿ. "ಇಂಗ್ಲಿಷ್ ಯಾರು ಕಲಿಸ್ತಾರೆ? ಆಸ್ಪತ್ರೇಲಿ ನನ್ನ ಪರವಾಗಿ ಯಾರು ಮಾತಾಡ್ತಾರೆ?"

"ಎರಡೂ ಬರುತ್ತೆ, ನಿಧಾನವಾಗಿ."

"ನನ್ನ ಹೊಟ್ಟೆನೋವು ನಿಧಾನವಾಗಿ ಬರುತ್ತಾ?" ಆಮೇಲೆ ನನ್ನನ್ನೇ ನೋಡಿ ಕೇಳಿದರು: "ನೀವು ನಿಮ್ಮ ತಾಯಿ ಭಾಷೇಲಿ ಓದಿದ್ರಾ?"

ನಮ್ಮ ಮನೆಮಾತು ದಖನಿ ಉರ್ದು. ಅಮ್ಮಿಯ ಕನ್ನಡ ತರಕಾರಿ ಚೌಕಾಸಿಯಷ್ಟಕ್ಕೇ ಮುಗಿಯುತ್ತದೆ. ನಾನು ಓದಿದ್ದು, ಕಪ್ಪು ಗೆದ್ದದ್ದು, ಅಮ್ಮಿಗೆ ತಿಳಿಯದಿರಲೆಂದು ಆಪಾ ಜೊತೆ ಜಗಳವಾಡಿದ್ದು ಎಲ್ಲ ಕನ್ನಡದಲ್ಲಿ. ದೊಡ್ಡಾಸ್ಪತ್ರೆಯಲ್ಲಿ ಅಮ್ಮಿಯ ಮಂಡಿನೋವನ್ನು ಡಾಕ್ಟರಿಗೆ ಕನ್ನಡದಲ್ಲಿ ವಿವರಿಸುತ್ತಿದ್ದವರೂ ನಾವಿಬ್ಬರೇ. ಆದರೆ ಈ ಉತ್ತರ ಎದುರಾಳಿಗೆ ಅಂಕ ಕೊಡುತ್ತದೆ. ಆದ್ದರಿಂದ ಪ್ರಶ್ನೆಗೆ ಪ್ರಶ್ನೆಯನ್ನೇ ಎಸೆದೆ: "ದೊಡ್ಡವನಾದ ಮೇಲೆ ನಿಮ್ಮ ಮಗ ನಿಮ್ಮ ಜೊತೆ ಯಾವ ಭಾಷೇಲಿ ಜಗಳ ಆಡ್ಬೇಕು?"

ವು ಆಯಿ ಕಿತ್ತಳೆ ಸಿಪ್ಪೆಗಳನ್ನು ಒಟ್ಟುಮಾಡಿದರು. "ಯೋಚನೆ ಮಾಡ್ತೀನಿ" ಎಂದರು.

ಎದುರಾಳಿ ಉತ್ತರಿಸದ ವಾದ ಒಪ್ಪಿದಂತೆ ಲೆಕ್ಕ. ನಾನು ಕಲಿತದ್ದು ಹಾಗೆ. ಕಾರಿನಲ್ಲಿ "ಗೆದ್ವಿ" ಎಂದೆ.

"ಲೋಟ ಖಾಲಿಯಾದ್ಮೇಲೆ ಅವಳು ಮತ್ತೆ ನೀರು ಹಾಕ್ಲಿಲ್ಲ. ನೋಡ್ಲಿಲ್ವಾ?" ಎಂದರು ಲಿನ್ ಲಾವ್‌ಶಿ.

ನಮ್ಮಲ್ಲಿ ಗಂಡಿನ ಕಡೆಯವರು 'ನೋಡೋಣ' ಎಂದರೆ ಏನರ್ಥವೆಂದು ಗೊತ್ತಿದ್ದ ನನಗೆ ಇದು ಹೊಳೆಯಲಿಲ್ಲ. ರೇಗಿತು. "ನೀವಾದ್ರೂ ಒತ್ತಾಯ ಮಾಡ್ಬಹುದಿತ್ತು. ಕಳೆದುಹೋಗೋದು ನಿಮ್ಮ ನೌಕರಿ!"

"ನನ್ನ ಮಗಳು ಗಿಲ್‌ರಾಯ್‌ನ ಇಂಗ್ಲಿಷ್ ಶಾಲೆಗೆ ಹೋಗ್ತಾಳೆ," ಎಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ. "ವು ಅದನ್ನೇ ಕೇಳಿದ್ರೆ ಏನು ಹೇಳ್ಲಿ?"

ಸೇರಿಸುವ ಕೊನೆಯ ದಿನ ವು ಆಯಿ ಬರಲಿಲ್ಲ. ತರಗತಿ ತೆರೆಯಲಿಲ್ಲ. ಲಿನ್ ಲಾವ್‌ಶಿ ಗೋಡೆಯ ಕೆಂಪು ಕಾಗದದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ರಟ್ಟಿನ ಡಬ್ಬಿಗೆ ಹಾಕಿಕೊಂಡು ಹೋದರು. ಆಪಾ ಮಾತ್ರ ಬಿಡಲಿಲ್ಲ: "ಅಷ್ಟೊಂದು ಕಪ್ಪು ತಂದಿದ್ದೆ! ಒಬ್ಬ ಹೆಂಗಸನ್ನ ಒಪ್ಸೋಕಾಗ್ಲಿಲ್ವಲ್ಲೇ."

ಶಾಲೆಗಳು ಶುರುವಾಗಿ ತಿಂಗಳುಗಳಾದ ಮೇಲೆ, ಮೊನ್ನೆ ಔಷಧಿ ಅಂಗಡಿಯಲ್ಲಿ ವು ಆಯಿ ಸಿಕ್ಕರು. ಮಗ ಕೌಂಟರಿಗೆ ಗಲ್ಲ ಆನಿಸಿ, ತುದಿಗಾಲಲ್ಲಿ ನಿಂತು, ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಅಮ್ಮನ ಪರವಾಗಿ ಇಂಗ್ಲಿಷಿನಲ್ಲಿ ಕೇಳುತ್ತಿದ್ದ. ನಾನು ಅವನ ಹತ್ತಿರ ಬಾಗಿದೆ.

"ನಿಮ್ಮಮ್ಮಂಗೆ ಹೇಳು, ನಾನು ನಮ್ಮಮ್ಮನ ಭಾಷೇಲಿ ಓದ್ಲಿಲ್ಲ. ನಿನ್ನ ಹಾಗೇ ಆಸ್ಪತ್ರೇಲಿ ಅವಳ ಪರವಾಗಿ ಮಾತಾಡ್ತಿದ್ದೆ."

ಅವನು ಹೇಳಿದ. ವು ಆಯಿ ತಲೆಯಾಡಿಸಿ ಏನೋ ಕೇಳಿದರು. ಹುಡುಗ ನನ್ನ ಕಡೆ ತಿರುಗಿದ: "ಈಗ ನಿಮ್ಮಮ್ಮನ ಜೊತೆ ಯಾರು ಹೋಗ್ತಾರೆ ಅಂತೆ."

ಈ ಸಲ "ಯೋಚನೆ ಮಾಡ್ತೀನಿ" ಎಂದದ್ದು ನಾನು.

ಇದನ್ನು ನಿಮಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನಗೆ ಸಂಕಟವಾಗುವುದು ಈ ಭಾಷೆಯಲ್ಲೇ. ಅಮ್ಮಿಗೆ ಕನ್ನಡ ಓದಲು ಬಾರದು. ಯಾರಾದರೂ ಪಕ್ಕದಲ್ಲಿ ಕೂತು, ಓದಿ, ಅವಳ ಮಾತಿನಲ್ಲಿ ತಿಳಿಸಬೇಕು. ಮೈಸೂರಿನಲ್ಲಿ ಆ ಕೆಲಸ ಮಾಡುತ್ತಿದ್ದ ಇಬ್ಬರೂ ಈಗ ಮೌಂಟನ್ ವ್ಯೂನಲ್ಲಿದ್ದೇವೆ.