ಅವ್ವ ಬೇರೆ ಹಾಳೆ ಕೇಳಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಗೋಡೆ ಒಂದು ಸುಳ್ಳು ಹೇಳಿತ್ತು. ಗೋಡೆಯದೇನು ತಪ್ಪು ಬಿಡಿ, ಅದರ ಮೇಲೆ ನೀಲಿ ಬಣ್ಣದಲ್ಲಿ ಬರೆದು ಹೋದವರದ್ದು ತಪ್ಪು. ಈಗ ನೆನೆದರೂ ನನಗೆ ಮೈ ಉರಿಯುತ್ತದೆ. ಅಜ್ಜಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನೀವು ಮೊಮ್ಮಕ್ಕಳು ಹಿಂದಿನಿಂದ ನಗುತ್ತೀರಲ್ಲ, ಆ ಸಿಟ್ಟು ಎಲ್ಲಿಂದ ಬಂತು ಎಂದು ಇವತ್ತು ಹೇಳುತ್ತೇನೆ, ಕೂತು ಕೇಳಿ.

ನಮ್ಮೂರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿತ್ತು. ಆಗ ಕಾಲುವೆಗೆ ಹೊಸದಾಗಿ ನೀರು ಬಂದಿತ್ತು. ಮುಗಿಲು ನೋಡಿ ಜೋಳ ಬಿತ್ತುತ್ತಿದ್ದವರು ಆ ವರ್ಷ ಧೈರ್ಯ ಮಾಡಿ ಶೇಂಗಾ ಹಾಕಿದ್ದರು. ನೀರು ಪಾಳಿಯ ಮೇಲೆ ಸಿಗುತ್ತಿತ್ತು. ಯಾವ ದಿನ ಯಾರ ಹೊಲಕ್ಕೆ ಎಂದು ಒಂದು ಹಾಳೆಯಲ್ಲಿ ಬರೆದು, ನೀರು ಬಿಡುವ ತೂಬಿನ ಪಕ್ಕದ ಕಂಬಕ್ಕೆ ಅಂಟಿಸುತ್ತಿದ್ದರು. ಅಪ್ಪ ಕಾಲುವೆಗೆ ಕಲ್ಲು ಹೊರಲು ಹೋಗುತ್ತಿದ್ದ. ಹೊಲ ನೋಡಿಕೊಳ್ಳುವವಳು ಅವ್ವ.

ಅವ್ವನಿಗೆ ಓದು ಬರುತ್ತಿರಲಿಲ್ಲ. ನೀರು ಬಿಡುವವನು ಎರಡು ಸಲ, ನಿಮ್ಮ ಪಾಳಿ ಇನ್ನೂ ಬಂದಿಲ್ಲ ಎಂದು ಅವಳನ್ನು ತೂಬಿನಿಂದ ವಾಪಸ್ಸು ಕಳಿಸಿದ. ಆಮೇಲೆ ಅಕ್ಕ ಹೋಗಿ ಓದಿದಾಗ ಗೊತ್ತಾಯಿತು, ನಮ್ಮ ಪಾಳಿ ಬಂದು ಹೋಗಿತ್ತು. ಕಂಬದ ಹಾಳೆಯ ಮೇಲೆ ಅಪ್ಪನ ಹೆಸರೂ ಇತ್ತು. ನೀರು ಬಿಡುವವನು ನಮ್ಮ ನೀರನ್ನು ಮೇಲಿನ ಹೊಲದವರಿಗೆ ತಿರುಗಿಸಿದ್ದ. ಹೂವಿಗೆ ಬಂದಿದ್ದ ನಮ್ಮ ಶೇಂಗಾ ಬಾಡಿ ನೆಲಕ್ಕೆ ಒರಗಿತು. ಅವತ್ತಿನಿಂದ ಅವ್ವನಿಗೆ ಒಂದೇ ಹಟ ಹಿಡಿಯಿತು, ಕಂಬದ ಹಾಳೆಯನ್ನು ತಾನೇ ಓದಬೇಕು.

ಅಷ್ಟರಲ್ಲಿ ಯಾದಗಿರಿ ಕಡೆಯಿಂದ ಒಂದು ಜೀಪು ಬಂತು. ದೊಡ್ಡವರಿಗೆ ಓದು ಕಲಿಸುವ ಸಂಸ್ಥೆಯವರು. ಜೀಪಿನ ಮೇಲೆ ಮೈಕು, ಮೈಕಿನಲ್ಲಿ ಒಬ್ಬ ಬಿಳಿ ಅಂಗಿಯವನು. ಮೂರೇ ತಿಂಗಳು, ಬಾಳೆಲ್ಲ ಬೆಳಕು ಎಂದು ಅವನು ಕೂಗುತ್ತಿದ್ದ ಧಾಟಿ ಶಹಾಪುರದ ಸಂತೆಯಲ್ಲಿ ಹಲ್ಲುಪುಡಿ ಮಾರುವವನದ್ದೇ. ಆದರೂ ನಾವು ನಂಬಿದೆವು. ಏಳನೆಯ ಇಯತ್ತೆ ಪಾಸಾಗಿದ್ದ ಅಕ್ಕನನ್ನೇ ಕಲಿಸಲು ನೇಮಿಸಿದರು. ಚೆನ್ನಾಗಿ ಕಲಿಸಿದರೆ ಪ್ರಮಾಣಪತ್ರ ಕೊಡುತ್ತೇವೆ, ಮುಂದೆ ನೌಕರಿಯೂ ಸಿಗುತ್ತದೆ ಎಂದರು. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ದಿನಾ ಸಂಜೆ ಹೊಲದಿಂದ ಬಂದ ಹೆಂಗಸರು ಕೈಕಾಲು ತೊಳೆದು ನಮ್ಮ ಅಂಗಳದಲ್ಲಿ ಪಾಟಿ ಹಿಡಿದು ಕೂರುತ್ತಿದ್ದರು. ಬಳಪದ ವಾಸನೆ, ಒದ್ದೆ ಸೀರೆಯ ವಾಸನೆ, ಒಲೆಯ ಮೇಲೆ ಬೇಯುವ ಬೇಳೆಯ ವಾಸನೆ ಎಲ್ಲ ಕೂಡಿ ಬರುತ್ತಿತ್ತು. ಕಳೆ ಕಿತ್ತು ಒರಟಾದ ಅವ್ವನ ಬೆರಳಲ್ಲಿ ಬಳಪ ದಿನಕ್ಕೆ ಎರಡು ಸಲ ಮುರಿಯುತ್ತಿತ್ತು. ಒಂದು ತಿಂಗಳಿಗೆ ಬಿಡಿ ಅಕ್ಷರಗಳು ಬಂದವು. ಕಾಗುಣಿತ, ಒತ್ತಕ್ಷರ ಇನ್ನೂ ಮುಟ್ಟಿರಲಿಲ್ಲ.

ಆಗ ಜೀಪು ಮತ್ತೆ ಬಂತು. ಮುಂದಿನ ವಾರ ದೊಡ್ಡ ಸಾಹೇಬರು ಬರುತ್ತಾರೆ, ಊರಿಗೆಲ್ಲ ಓದು ಬಂತೆಂದು ಸಾರಬೇಕು ಎಂದ ಬಿಳಿ ಅಂಗಿಯವನು. ಅಕ್ಷರ ಕಲಿಸುವುದು ಸಾಕು, ಪುಸ್ತಕದ ಒಂಬತ್ತನೆಯ ಪುಟ ಒಂದನ್ನೇ ಎಲ್ಲರಿಂದ ಬಾಯಿಪಾಠ ಮಾಡಿಸು ಎಂದು ಅಕ್ಕನಿಗೆ ಅಪ್ಪಣೆ ಮಾಡಿದ. ಅಕ್ಕ ಮಾಡಿಸಿದಳು. ಬೀಸುವ ಕಲ್ಲಿನ ಮುಂದೆ ನೂರಾರು ಹಾಡು ಹೇಳುವ ಹೆಂಗಸರಿಗೆ ಒಂದು ಪುಟ ಯಾವ ಲೆಕ್ಕ? ಎರಡೇ ದಿನದಲ್ಲಿ ಕಲಿತುಬಿಟ್ಟರು.

ಸಾಹೇಬರು ಬರುವ ದಿನ ಬೆಳಿಗ್ಗೆಯೇ ಬಣ್ಣದ ಡಬ್ಬಿ ಹಿಡಿದವರು ಮನೆಮನೆಗೂ ಬಂದರು. ಅವ್ವ ಹಬ್ಬಕ್ಕೆಂದು ಸಾರಿಸಿದ್ದ ನಮ್ಮ ಗೋಡೆಯ ಮೇಲೆ, ಒಂದು ಮಾತೂ ಕೇಳದೆ, 'ಈ ಮನೆಯಲ್ಲಿ ಎಲ್ಲರಿಗೂ ಓದು ಬರುತ್ತದೆ' ಎಂದು ಬರೆದರು. ಏನು ಬರೆದಾರ ಎಂದು ಅವ್ವ ನನ್ನನ್ನು ಕೇಳಿದಳು. ನಾನು ಓದಿ ಹೇಳಿದೆ. ಅವಳು ಹಸಿ ಬಣ್ಣವನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದಳು.

ಮಧ್ಯಾಹ್ನ ಶಾಲೆಯ ಮುಂದೆ ಪೆಂಡಾಲು, ಕುರ್ಚಿ, ಹೂವಿನ ಹಾರ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಪುಸ್ತಕ ಹಿಡಿದು ಓದಿದರು. ಓದಿದರು ಎಂದೆನಾ? ಹಾಡಿದರು! ಬೀಸುವ ಹಾಡಿನ ಧಾಟಿಯಲ್ಲೇ ಒಂಬತ್ತನೆಯ ಪುಟ ಹರಿದು ಬಂತು. ಆ ಪುಟದ ಕೊನೆಯ ಸಾಲು ಹತ್ತನೆಯ ಪುಟದಲ್ಲಿ ಮುಗಿಯುತ್ತಿತ್ತು. ಒಬ್ಬರೂ ಹಾಳೆ ತಿರುವಲಿಲ್ಲ, ಆದರೂ ಸಾಲು ಪೂರ್ತಿಯಾಯಿತು. ನನಗೆ ಕಂಡದ್ದು ವೇದಿಕೆಯ ಮೇಲಿನ ಅಷ್ಟು ಓದಿದವರಿಗೆ ಕಾಣಲಿಲ್ಲವೇ? ಕಂಡಿತ್ತು, ಕಂಡೇ ಚಪ್ಪಾಳೆ ತಟ್ಟಿದರು.

ಅವ್ವನ ಸರದಿ ಬಂತು. ಅವಳು ಪುಸ್ತಕ ಮುಚ್ಚಿ ಸಾಹೇಬರ ಮುಂದೆ ಹಿಡಿದಳು.

"ಈ ಹಾಳಿ ನನಗ ಬಾಯಿಪಾಠ ಅದರಿ ಸಾಹೇಬ್ರ, ಕಣ್ಣ ಮುಚ್ಚಿ ಹೇಳ್ತೀನಿ. ನೀವು ಬ್ಯಾರೆ ಹಾಳಿ ತೆಗೀರಿ. ಅದು ನನಗ ಓದಾಕ ಬರಂಗಿಲ್ಲ. ಕಾಗುಣಿತ ಇನ್ನಾ ಕಲಿಸಿಲ್ರಿ. ಕಲಿಸಿ, ಆಮ್ಯಾಲ ಗ್ವಾಡಿ ಮ್ಯಾಲ ಬರೀರಿ."

ಸಾಹೇಬರು ಬಿಳಿ ಅಂಗಿಯವನ ಮುಖ ನೋಡಿದರು. ಅವನು ನಗುತ್ತ ಮೈಕು ಕಿತ್ತುಕೊಂಡು, ನೋಡಿ, ಓದು ಬಂದ ಮೇಲೆ ನಮ್ಮ ತಾಯಂದಿರಿಗೆ ಎಷ್ಟು ಧೈರ್ಯ ಬಂದಿದೆ ಎಂದ. ಮತ್ತೆ ಚಪ್ಪಾಳೆ! ಅವ್ವನ ಸಿಟ್ಟನ್ನೂ ಅವನು ತನ್ನ ಮಾಲು ಮಾಡಿ ಮಾರಿದ. ಊರಿಗೆಲ್ಲ ಓದು ಬಂತೆಂದು ಸಾರಿದರು, ಫೋಟೋ ತೆಗೆದರು. ಹೋಗುವಾಗ ಪಾಟಿ, ಪುಸ್ತಕ ಎಲ್ಲ ಎಣಿಸಿ ಜೀಪಿಗೆ ತುಂಬಿದರು, ಮುಂದಿನ ಊರಿಗೆ ಬೇಕಂತೆ. ಅಕ್ಕನಿಗೆ ಪ್ರಮಾಣಪತ್ರ ಕೊಡಲಿಲ್ಲ.

ಮನೆಗೆ ಬಂದು ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು, ನನ್ನ ಹೊಟ್ಟೆಯ ಮೇಲೆ ಹೊಡೆದಿ ಎಂದು ಅವ್ವನಿಗೆ ಅಂದಳು. ಅವ್ವ ಅವಳ ತಲೆ ಸವರಿದಳು, ಆದರೆ ತಪ್ಪಾಯಿತು ಎನ್ನಲಿಲ್ಲ.

"ನೀ ಕಲಿಸಿದ್ದು ಖರೇ ಅದ ಮಗಳ. ಅವರು ಮಾರಿದ್ದು ಸುಳ್ಳು. ನಾಳಿಯಿಂದ ಮತ್ತ ಕಲಿಸು."

ಆಮೇಲೆ ಬುಟ್ಟಿಯಲ್ಲಿ ಕೆಮ್ಮಣ್ಣು ಕಲಸಿ ಗೋಡೆಯ ಬಳಿ ಹೋದಳು. ಎಲ್ಲ ಮುಚ್ಚಿಬಿಡುತ್ತಾಳೆ ಎಂದುಕೊಂಡೆ. ಇಲ್ಲ. ತನಗೆ ಗೊತ್ತಿದ್ದ ಅಕ್ಷರಗಳನ್ನು ಬೆರಳಿಟ್ಟು ಹುಡುಕಿ ಬಿಟ್ಟು, ಉಳಿದವುಗಳ ಮೇಲೆ ಮಣ್ಣು ಬಳಿದಳು. ಈ, ಮ, ಯ, ಎ, ಓ, ಬ. ಕೆಂಪು ಗೋಡೆಯ ಮೇಲೆ ಆರೇ ಆರು ನೀಲಿ ಅಕ್ಷರಗಳು ಉಳಿದವು. ಕೆಲಸದಿಂದ ಬಂದ ಅಪ್ಪ ಇದೇನು ಅವತಾರ ಎಂದು ಕೇಳಿದ. ಈಗ ಗೋಡೆ ಖರೇ ಹೇಳುತ್ತದೆ ಎಂದಳು ಅವ್ವ.

ಪಾಟಿ ಇರಲಿಲ್ಲ, ಅಕ್ಕ ಅಂಗಳದ ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ಕಲಿಸಿದಳು. ಒಂದೊಂದು ಅಕ್ಷರ ಬಂದಾಗಲೂ ಅವ್ವ ಒದ್ದೆ ಬಟ್ಟೆಯಿಂದ ಅಷ್ಟೇ ಜಾಗದ ಮಣ್ಣು ಒರೆಸುತ್ತಿದ್ದಳು. ಕೊನೆಗೆ ಉಳಿದದ್ದು 'ತ್ತ'. ಅದನ್ನು ಒರೆಸುವ ಹೊತ್ತಿಗೆ ಮುಂದಿನ ಶೇಂಗಾ ಹೂವಿಗೆ ಬಂದಿತ್ತು. ಮರುದಿನ ಅವಳು ತೂಬಿಗೆ ಹೋಗಿ ಕಂಬದ ಹಾಳೆಯನ್ನು ಗಟ್ಟಿಯಾಗಿ ಓದಿದಳು. ಎಲ್ಲರ ಹೆಸರನ್ನೂ ಓದಿ, ಅಪ್ಪನ ಹೆಸರಿಗೆ ಬಂದಾಗ ನಿಂತು ನೀರು ಬಿಡುವವನನ್ನು ನೋಡಿದಳು. ಅವನು ನಮ್ಮ ಹೊಲದ ಕಡೆ ನೀರು ತಿರುಗಿಸಿದ.

ನಿಮಗೆ ಪಾಟಿ ಗೊತ್ತಿಲ್ಲ, ಬಳಪ ಗೊತ್ತಿಲ್ಲ. ಕೈಯಲ್ಲಿ ಫೋನಿದೆ. ಕಥೆಯನ್ನು ಅದೇ ಓದಿ ಹೇಳುತ್ತದೆ, ನೀವು ಕೇಳಿ ಕೇಳಿ ಒಪ್ಪಿಸುತ್ತೀರಿ. ಆದರೆ ಬಿಳಿ ಅಂಗಿಯವನು ಮಾತ್ರ ಬದಲಾಗಿಲ್ಲ ನೋಡಿ. ಮೊನ್ನೆ ಅಂಥವನೇ ಇನ್ನೊಬ್ಬ, ಫೋನಿನ ಪಾಠ ಮಾರುವವನು, ಮನೆ ಬಾಗಿಲಿಗೇ ಬಂದಿದ್ದನಲ್ಲ, ಒಂದೇ ತಿಂಗಳಲ್ಲಿ ಮಗು ಸರಾಗ ಓದುತ್ತದೆ ಎನ್ನುತ್ತ. ನಮ್ಮ ಪುಟ್ಟಿ ಒಂದು ಪುಟ ಗಡಗಡ ಹೇಳಿದಳು, ಅವನು ಜಾಹೀರಾತಿಗೆಂದು ಅದರ ವಿಡಿಯೋ ಮಾಡತೊಡಗಿದ. ನಾನು ನಡುವೆ ಕೈ ಹಾಕಿ ಹಾಳೆ ತಿರುವಿದೆ. ಪುಟ್ಟಿಗೆ ಒಂದಕ್ಷರ ಓದಲು ಬರಲಿಲ್ಲ. ಅವನಿಗೆ ನಾನು ಅಂದದ್ದನ್ನು ನಿಮ್ಮ ಮುಂದೆ ಮತ್ತೆ ಹೇಳಲಾರೆ.

ಎಲ್ಲರ ಮುಂದೆ ಅವಮಾನ ಮಾಡಿದಿ ಎಂದು ಪುಟ್ಟಿ ಮೂರು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ, ಅಕ್ಕನೂ ಹೀಗೇ ಅತ್ತಿದ್ದಳು. ಬಾ ಪುಟ್ಟಿ, ಫೋನು ಅಲ್ಲಿಡು. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಸಿಟ್ಟಿನಲ್ಲೇ ಕಲಿ. ಇಲ್ಲಿ ಕೂತು ಬೇರೆ ಹಾಳೆ ತೆಗಿ.